ಕೊರಿಯನ್ ಹರಟೆಯಲ್ಲಿ ‘ನೆ?’ ಒಂದು ಸಲ ಸಾಕು

ಕೊರಿಯನ್ ಕಲಿಯಲು ಕೂತವರಿಗೆ ಮೊದಲ ದಿನವೇ ಸಿಗುವ ಪದ ‘ನೆ’. ಹೌದು ಅಂತ ಅರ್ಥ. ಹರಟೆಗೆ ಇಳಿದರೆ ಅದಕ್ಕೆ ಮೂರು ಕೆಲಸ. ದನಿ ಇಳಿಸಿ ಹೇಳಿದರೆ ಹೌದು. ಎದುರಿನವರು ಮಾತಾಡುತ್ತಿರುವಾಗ ನಡುನಡುವೆ ಬಂದರೆ ನಮ್ಮ ‘ಹೂಂ’ ಇದ್ದ ಹಾಗೆ: ಕೇಳಿಸಿಕೊಳ್ಳುತ್ತಿದ್ದೇನೆ ಅಂತ ಅಷ್ಟೇ, ಒಪ್ಪಿದೆ ಅಂತಲ್ಲ. ದನಿ ಏರಿಸಿದರೆ ‘ಆಂ? ಏನಂದ್ರಿ?’.

ಈ ಮೂರನೆಯದನ್ನು ಕೊರಿಯನ್ನರೂ ದಿನವಿಡೀ ಬಳಸುತ್ತಾರೆ. ತೊಂದರೆ ಏನೆಂದರೆ, ಕಿವಿಗೆ ಬೀಳಲಿಲ್ಲವೋ, ಪದ ಗೊತ್ತಿಲ್ಲವೋ, ಆಶ್ಚರ್ಯವಾಯಿತೋ ಅನ್ನುವುದನ್ನು ‘ನೆ?’ ಹೇಳುವುದಿಲ್ಲ. ಹಾಗಾಗಿ ಎದುರಿನವರು ಅದೇ ವಾಕ್ಯವನ್ನು ಅದೇ ವೇಗದಲ್ಲಿ, ಸ್ವಲ್ಪ ಜೋರಾಗಿ ಹೇಳುತ್ತಾರೆ. ಎರಡನೇ ‘ನೆ?’ಗೆ ಇಂಗ್ಲಿಷಿಗೆ ಹೊರಳಬಹುದು. ಮೂರನೇ ಸಲ ಕೇಳಲು ನಾಚಿಕೆಯಾಗಿ ಕಲಿಯುವವರು ‘ನೆ, ನೆ’ ಅಂತ ತಲೆಯಾಡಿಸುತ್ತಾರೆ. ಅಸಲಿ ತಪ್ಪು ಆಗುವುದು ಅಲ್ಲೇ.

ಅದರ ಬದಲು, ಕೈಗೆ ಸಿಕ್ಕ ತುಣುಕಿಗೆ ಮರ್ಯಾದೆಯ ಬಾಲ ‘ಯೊ’ ಹಚ್ಚಿ, ದನಿ ಏರಿಸಿ ವಾಪಸ್ ಕೊಡಿ. ಶನಿವಾರ ‘ಯೊಲ್‌ದು ಶಿ’ಗೆ, ಅಂದರೆ 12 ಗಂಟೆಗೆ, ಸ್ಟೇಷನ್ ಮುಂದೆ ಸಿಗೋಣ ಅಂದರು; ನಿಮಗೆ ಕೇಳಿಸಿದ್ದು ‘ದು ಶಿ’, 2 ಗಂಟೆ.

‘ದು ಶಿಯೊ?’
‘ಆನಿಯೊ, ಯೊಲ್‌ದು ಶಿಯೊ.’

(2 ಗಂಟೆಗಾ? ಅಲ್ಲ, 12 ಗಂಟೆಗೆ.) ಎರಡು ಸೆಕೆಂಡಿನ ಕೆಲಸ. ತಪ್ಪಾಗಿ ಹಿಡಿದಿದ್ದರೂ ನಷ್ಟವಿಲ್ಲ, ಎಲ್ಲಿ ತಪ್ಪಿತು ಅನ್ನುವುದು ಅವರಿಗೆ ಕಾಣುತ್ತದೆ.

ತುಣುಕೂ ಸಿಗದಿದ್ದರೆ ಪ್ರಶ್ನೆಯನ್ನು ಕಿರಿದು ಮಾಡಿ: ‘ನುಗಾಯೊ?’ (ಯಾರು), ‘ಒದಿಯೊ?’ (ಎಲ್ಲಿ). ಕನ್ನಡಿಗರಿಗೆ ಹೆಚ್ಚು ಬೇಕಾಗುವುದು ಮೊದಲನೆಯದೇ. ನಾವೂ ಕರ್ತೃವನ್ನು ನುಂಗುತ್ತೇವೆ, ಆದರೆ ‘ಬಂದಳು’ ಅಂದರೆ ಯಾರ ಕಡೆ ಬೆರಳು ಅಂತ ತಿಳಿಯುತ್ತದೆ. ಅದಕ್ಕೆ ಕೊರಿಯನ್‌ನಲ್ಲಿ ಹೇಳುವ ‘ವಾಸ್ಸೊಯೊ’ದಲ್ಲಿ ನಾನು, ನೀವು, ಅವಳು ಎಲ್ಲ ಒಂದೇ.

ಸಂಖ್ಯೆಗಳು ಸ್ಥಳೀಯರನ್ನೂ ಕಾಡುತ್ತವೆ. ಕೊರಿಯನ್‌ನಲ್ಲಿ ಎಣಿಕೆ ಎರಡು ಬಗೆ, ಒಂದು ಚೀನೀ ಮೂಲದ್ದು, ಇನ್ನೊಂದು ಅಚ್ಚ ಕೊರಿಯನ್. ಫೋನಿನಲ್ಲಿ ಚೀನೀ ಮೂಲದ ‘ಇಲ್’ (1) ಮತ್ತು ‘ಇ’ (2) ಬೇರೆ ಮಾಡುವುದು ಕಷ್ಟ. ಸಂಶಯ ಬಂದರೆ ಅಚ್ಚ ಕೊರಿಯನ್ ಎಣಿಕೆಗೆ ಹೋಗಿ ‘ಹಾನಾಯೊ? ದುರಿಯೊ?’ (ಒಂದಾ? ಎರಡಾ?) ಅಂತ ಕೇಳಿ. ‘ಸಾಹುಲ್’ ಅಂದರೆ 3 ದಿನ, ಆದರೆ ‘ಸಾ’ ಅಂದರೆ 4. 2020ರ ಆಗಸ್ಟ್ 17ಕ್ಕೆ ದಕ್ಷಿಣ ಕೊರಿಯಾ ಸರ್ಕಾರ ರಜೆ ಕೊಟ್ಟು 3 ದಿನದ ಬಿಡುವು ಆದಾಗ, ಸುದ್ದಿಯ ‘ಸಾಹುಲ್’ ಓದಿ 4 ದಿನ ಅಂದುಕೊಂಡ ಕೊರಿಯನ್ನರೇ ಬಹಳ ಜನ.

‘ಗ್ವೆನ್‌ಚನಯೊ’ ಇನ್ನೊಂದು ಮುಳ್ಳು. ಪರವಾಗಿಲ್ಲ, ಚೆನ್ನಾಗಿದೆ, ಬೇಡ, ಮೂರೂ ಹೌದು. ಏನನ್ನಾದರೂ ಕೊಡಲು ಹೋದಾಗ ಬಂದರೆ ಬಹುಪಾಲು ‘ಬೇಡ’. ಬೇಡವಾ ಅಂತ ಖಚಿತ ಮಾಡಿಕೊಳ್ಳಲು ಕೇಳಿದರೆ ಉತ್ತರ ‘ನೆ’ ಬರುತ್ತದೆ: ಹೂಂ, ಬೇಡ. ‘ಊಟ ಆಗಿಲ್ವಾ?’ ಅಂದರೆ ‘ಹೂಂ, ಆಗಿಲ್ಲ’ ಅನ್ನುವ ನಮಗೆ ಇದು ಸಲೀಸು. ಎಡವುವುದು ಇಂಗ್ಲಿಷ್ ಲೆಕ್ಕದಲ್ಲಿ ಯೋಚಿಸಿದಾಗ.

ಪಠ್ಯಪುಸ್ತಕದ ‘ಮ್ವೊರಾಗೊಯೊ?’ (ಏನಂದಿರಿ) ಬಗ್ಗೆ ಎಚ್ಚರ. ದನಿ ಒಂಚೂರು ಬಿಗಿಯಾದರೂ ‘ಏನಂದೆ, ಇನ್ನೊಂದ್ಸಲ ಹೇಳು ನೋಡೋಣ’ ಅಂತ ಜಗಳಕ್ಕೆ ಕರೆದಂತೆ ಕೇಳಿಸಬಹುದು. ಹಿರಿಯರ ಹತ್ತಿರ ‘ದಾಶಿ ಹಾನ್‌ಬೊನ್ ಮಾಲ್ಸುಮ್‌ಹೆ ಜುಸೆಯೊ’, ದಯವಿಟ್ಟು ಇನ್ನೊಮ್ಮೆ ಹೇಳಿ, ಉದ್ದವಾದರೂ ಅದೇ ವಾಸಿ.