ದೀಪ ಹೊತ್ತಿಸುವ ಹೊತ್ತು

ಐರ್ಲೆಂಡಿನಲ್ಲಿ ಡಿಸೆಂಬರ್ ಬಂದರೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ನಾನು ನರ್ಸ್ ಆಗಿರುವ ವೃದ್ಧರ ಮನೆಯಲ್ಲಿ ಅದೇ ಕಷ್ಟದ ಹೊತ್ತು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಎಷ್ಟೋ ಮಂದಿಗೆ ಸಂಜೆಯಾದಂತೆ ತಳಮಳ ಜಾಸ್ತಿಯಾಗುತ್ತದೆ, ನಾವು ಸನ್‌ಡೌನಿಂಗ್ ಅನ್ನುತ್ತೇವೆ. ಇಲ್ಲೊಬ್ಬರು ಅಜ್ಜಿ ಕೋಟು ಹಾಕಿ ಬಾಗಿಲ ಹತ್ತಿರ ನಿಂತುಬಿಡುತ್ತಾರೆ. ಅಮ್ಮ ಕಾಯ್ತಿದ್ದಾಳೆ, ಮನೆಗೆ ಹೋಗಬೇಕು. ಹೊಸದಾಗಿ ಬಂದಾಗ ನಾನು, ನಿಮ್ಮ ಅಮ್ಮ ತೀರಿಹೋಗಿ ತುಂಬಾ ವರ್ಷ ಆಯ್ತಲ್ವಾ ಅಂದುಬಿಟ್ಟೆ. ಅವರಿಗೆ ಅದು ಆಗಷ್ಟೇ ಬಂದ ಸುದ್ದಿ. ಎಷ್ಟು ಅತ್ತರು! ಮತ್ತೆಂದೂ ಯಾರಿಗೂ ಹಾಗೆ ಹೇಳಿಲ್ಲ.

ಅವರ ಫೈಲಿನಲ್ಲಿ ಧರ್ಮ ಅನ್ನುವಲ್ಲಿ ಕ್ಯಾಥೊಲಿಕ್ ಅಂತ ಒಂದೇ ಪದ. ಅದರಿಂದ ಏನು ಗೊತ್ತಾಗುತ್ತದೆ? ಮಗಳನ್ನು ಕೇಳಿದೆ. ಚಿಕ್ಕಂದಿನಲ್ಲಿ ಮನೆಯವರೆಲ್ಲ ಸಂಜೆ ಮಂಡಿಯೂರಿ ಜಪಸರ ಹೇಳುತ್ತಿದ್ದರಂತೆ. ಮರುದಿನ ಸರ ಕೈಗಿಟ್ಟೆ. ಹೆಬ್ಬೆರಳು ತಾನಾಗಿ ಮಣಿ ಹುಡುಕಿತು. ಪ್ರಾರ್ಥನೆಯ ಮೊದಲರ್ಧ ನಾನು ಚೀಟಿ ನೋಡಿ ಓದಿದೆ, ಉಳಿದರ್ಧ ಅವರ ಬಾಯಿಂದ ತಡೆಯಿಲ್ಲದೆ ಬಂತು, ಮಗಳ ಹೆಸರೂ ಮರೆತವರು. 10 ಮಣಿ ಮುಗಿಯುವಾಗ ಕೋಟಿನ ಗುಂಡಿ ಬಿಚ್ಚಿದ್ದರು.

ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವ ಆಲ್ಜೈಮರ್ ಕಾಯಿಲೆಯಲ್ಲಿ, ಹೊಸ ನೆನಪು ಕೂಡಿಡುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ ಮೊದಲಿಗೇ ಸೊರಗುತ್ತದೆ. ಕೈಯ ರೂಢಿ, ರಾಗ, ಬಾಯಿಪಾಠ ತುಂಬಾ ಕಾಲ ಉಳಿಯುತ್ತವೆ. ಕಾಯಿಲೆಗಿಂತ ಮೊದಲು ಮನುಷ್ಯರನ್ನು ನೋಡಿ ಅಂತ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1990ರ ದಶಕದಲ್ಲೇ ಹೇಳಿದ್ದು ಇದಕ್ಕೇ. ಎಲ್ಲರಿಗೂ ದೇವರೇ ಬೇಕೆಂದಿಲ್ಲ. ಇಲ್ಲಿನ ಒಬ್ಬ ರೈತರಿಗೆ ಹಿತ್ತಲಿಗೆ ಹೋಗಿ ಮಣ್ಣು ಮುಟ್ಟಿದರೆ ಮನಸ್ಸು ನೆಲೆಗೆ ಬರುತ್ತದೆ.

ಊರಲ್ಲಿ, ಕಾಸರಗೋಡಿನ ಕುಂಬಳೆಯ ನಮ್ಮ ಮನೆಯಲ್ಲೂ ಅಜ್ಜಿಗೆ ಮರೆವು. ಊರಿನವರು ಅರಳುಮರಳು ಅಂತ ಸುಮ್ನಾಗುತ್ತಾರೆ. ಬಂದ ನೆಂಟರೆಲ್ಲ, ನಾನು ಯಾರು ಹೇಳಿ ನೋಡುವಾ ಅಂತ ಕೇಳುತ್ತಾರೆ. ದಯವಿಟ್ಟು ಬೇಡ. ನಾನು ನಿಮ್ಮ ತಂಗಿಯ ಮಗ ಅಂತ ನೀವೇ ಹೇಳಿ, ಹತ್ತಿರ ಕೂತು ಕೈ ಹಿಡಿಯಿರಿ.

ಬೆಂಕಿಯ ಹೆದರಿಕೆಗೆ ಮನೆಯವರು ಅಜ್ಜಿಯನ್ನು ದೇವರ ಕೋಣೆಗೇ ಬಿಡುತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಬೆಂಕಿಪೊಟ್ಟಣ ನಿನ್ನ ಹತ್ರ ಇರಲಿ ಅಮ್ಮಾ, ಹತ್ತಿ ಅಜ್ಜಿಗೆ ಕೊಡು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೋಡಿದೆ. ಜಗಲಿಯಲ್ಲಿ ಕಾಲು ನೀಡಿ ಕೂತಿದ್ದಾರೆ. ಬೆರಳ ತುದಿಗೆ ಚೂರು ಭಸ್ಮ ಹಚ್ಚಿಕೊಂಡು ತೊಡೆಯ ಮೇಲೆ ಬತ್ತಿ ಹೊಸೆಯುತ್ತಿದ್ದಾರೆ, ಎಲ್ಲ ಒಂದೇ ಅಳತೆ. ನಾನು ಯಾರೆಂದು ಗೊತ್ತಾಗಲಿಲ್ಲ. ಆದರೂ ತಲೆಯೆತ್ತಿ, "ದೀಪ ಹೊತ್ತಿಸಿ ಆಯ್ತಾ ಮಗಾ?" ಅಂದರು.

ಇಲ್ಲಿ ಆಗ ಮಧ್ಯಾಹ್ನ 1 ಗಂಟೆ.

"ಆಯ್ತು ಅಜ್ಜಿ" ಅಂದೆ.