ಕೈಯಾರೆ ಕಟ್ಟಿದ ಪುಟ್ಟ ಆಲ್ಬಂಗಳಿಗೆ ಒಂದು ಠಾವು

ಪುಟ್ಟ ಸ್ಕ್ರಾಪ್‌ಬುಕ್ ಆಲ್ಬಂಗಳನ್ನು, ಅಂದರೆ ಫೋಟೊ ಅಂಟಿಸಿ ಅಲಂಕರಿಸಿದ ಕೈಕೆಲಸದ ಪುಸ್ತಕಗಳನ್ನು, ಕಟ್ಟುವ ನಮ್ಮಂಥವರು ಕಾಗದ, ಲೇಸು, ರಿಬ್ಬನ್ನುಗಳ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತನಾಡುತ್ತೇವೆ. ಕಟ್ಟಿ ಮುಗಿದ ಆಲ್ಬಂ ಎಲ್ಲಿರಬೇಕು ಎಂಬ ಮಾತು ಬಂದಾಗ ಮಾತ್ರ ಬೀರುವಿನ ಮೇಲೆ, ಸಜ್ಜೆಯ ಮೇಲೆ, ಮಂಚದ ಕೆಳಗೆ ಎಂದು ಕೈ ತೋರಿಸುತ್ತೇವೆ. "ಎಲ್ಲಿಡ್ತೀಯವ್ವಾ ಇವನ್ನೆಲ್ಲ?" ಎಂದು ನಮ್ಮತ್ತೆಯವರು ಪ್ರತಿ ಹೊಸ ಆಲ್ಬಮ್ಮಿಗೂ ಕೇಳುವ ಪ್ರಶ್ನೆಯೇ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಎಂಬುದು ನನ್ನ ಅಭಿಪ್ರಾಯ. ಇಡುವ ಜಾಗವನ್ನು ಅಳೆದ ಮೇಲೆಯೇ ರಟ್ಟು ಕತ್ತರಿಸಬೇಕು. ಆಲ್ಬಮ್ಮಿನ ಉದ್ದ, ಅಗಲ, ದಪ್ಪಗಳನ್ನು ಅದು ವಾಸಿಸಲಿರುವ ಕಪಾಟು ನಿರ್ಧರಿಸಬೇಕೇ ಹೊರತು ಕೈಗೆ ಸಿಕ್ಕ ಕಾಗದವಲ್ಲ.

ಲೆಕ್ಕ ಬಹಳ ಸರಳವಾಗಿದೆ. ನಮ್ಮ ಸ್ಟುಡಿಯೊಗಳಲ್ಲಿ ಮ್ಯಾಕ್ಸಿ ಎಂದು ಕರೆಯುವ ಫೋಟೊ 4 ಇಂಚು ಅಗಲ, 6 ಇಂಚು ಉದ್ದವಿರುತ್ತದೆ. ಸುತ್ತ ಒಂದೊಂದು ಇಂಚು ಅಂಚು ಬಿಟ್ಟರೆ 6×8ರ ಪುಟವಾಗುತ್ತದೆ. ದಾವಣಗೆರೆಯ ಹೆಚ್ಚಿನ ಮನೆಗಳ ಹಾಲಿನಲ್ಲಿ ಗೋಡೆಗೆ ಹೊಂದಿಸಿ ಮಾಡಿಸಿದ, ಗಾಜಿನ ಬಾಗಿಲಿನ ಒಂದು ಶೋಕೇಸ್ ಇದ್ದೇ ಇರುತ್ತದೆ. ನಮ್ಮ ಮನೆಯದರ ಆಳ ಸುಮಾರು 10 ಇಂಚು. ಅದರಲ್ಲಿ 6×8ರ ಆಲ್ಬಂ ಪೆಟ್ಟಿಗೆಯ ಸಮೇತ ಆರಾಮವಾಗಿ ಕೂರುತ್ತದೆ, 8×8 ಇಕ್ಕಟ್ಟಾಗಿ ಕೂರುತ್ತದೆ, 12×12ರ ದೊಡ್ಡ ಪುಟ ಕೂರುವ ಮಾತೇ ಇಲ್ಲ. ಇನ್ನು ದಪ್ಪದ ವಿಷಯ. ಬೆನ್ನಿನಲ್ಲಿ ಪ್ರತಿ ಪುಟಕ್ಕೂ ಅರ್ಧ ಇಂಚಿನ ಮಡಿಕೆ ಬಿಟ್ಟು ಐದಾರು ಪುಟ ಕೂರಿಸಿದರೆ ಬೆನ್ನು 3 ಇಂಚಿನ ಹತ್ತಿರ ಬರುತ್ತದೆ. ಮೂರು ಅಡಿಯ ಒಂದು ಹಲಗೆಯ ಮೇಲೆ ಅಂಥವು ಹನ್ನೆರಡು ನಿಂತರೆ ಹಲಗೆ ತುಂಬಿತು. ಪೆಟ್ಟಿಗೆಯ ರಟ್ಟಿನ ದಪ್ಪವನ್ನೂ ಸೇರಿಸಿದರೆ ಹನ್ನೊಂದೇ. ಈ ಸಂಖ್ಯೆ ಕಣ್ಣ ಮುಂದಿದ್ದರೆ ಯಾವ ಸಂದರ್ಭಕ್ಕೆ ಆಲ್ಬಂ ಬೇಕು, ಯಾವುದಕ್ಕೆ ಒಂದು ಮಡಿಕೆಯ ಕಾರ್ಡ್ ಸಾಕು ಎಂಬ ವಿವೇಚನೆ ತಾನಾಗಿಯೇ ಬರುತ್ತದೆ.

ಮಡಿಕೆ ಬಿಡುವುದು ಸುಮ್ಮನೆ ಅಲಂಕಾರಕ್ಕಲ್ಲ. ಪುಟಗಳ ಮೇಲೆ ಫೋಟೊ, ಕಾಗದದ ಜೇಬು, ಅದರಿಂದ ಎಳೆದು ತೆಗೆಯುವ ಚೀಟಿ ಅಥವಾ ಟ್ಯಾಗು, ಕಾಗದದ ಹೂವು ಎಲ್ಲ ಸೇರಿ ಹೊರ ಅಂಚು ದಪ್ಪವಾಗುತ್ತದೆ. ಬೆನ್ನು ತೆಳ್ಳಗಿದ್ದರೆ ಆಲ್ಬಂ ಬಾಯಿ ತೆರೆದುಕೊಂಡೇ ಇರುತ್ತದೆ. ಹಾಗೆ ಬಾಯಿ ತೆರೆದದ್ದನ್ನು ನಿಲ್ಲಿಸಿದರೆ ಪುಟಗಳ ಭಾರವೆಲ್ಲ ಅವನ್ನು ಬೆನ್ನಿಗೆ ಅಂಟಿಸಿದ ಕೀಲಿನ ಮೇಲೆ ಬಿದ್ದು ಕಾಲಕ್ರಮದಲ್ಲಿ ಕೀಲು ಹರಿಯುತ್ತದೆ. ಒಂದರ ಮೇಲೊಂದು ಪೇರಿಸಿದರೆ ಹೂವುಗಳು ಚಪ್ಪಟೆಯಾಗಿ, ಗುಂಡಿ ಮತ್ತು ಮಣಿಗಳ ಅಚ್ಚು ಎದುರು ಪುಟದ ಫೋಟೊದ ಮೇಲೆ ಮೂಡುತ್ತದೆ. ತಾಳೆಗರಿಯ ಕಟ್ಟನ್ನು ಎರಡು ಮರದ ಪಟ್ಟಿಗಳ ನಡುವೆ ಇರಿಸಿ ದಾರದಿಂದ ಬಿಗಿಯುತ್ತಿದ್ದ ಹಿರಿಯರಿಗೆ ಈ ತೊಂದರೆ ಇರಲಿಲ್ಲ, ಏಕೆಂದರೆ ಗರಿಗಳು ಸಮತಟ್ಟಾಗಿರುತ್ತಿದ್ದವು. ಅಲ್ಲಿ ಒತ್ತಡವೇ ರಕ್ಷಣೆ, ಉಬ್ಬು ತಗ್ಗಿನ ನಮ್ಮ ಆಲ್ಬಂಗಳಿಗೆ ಅದೇ ಒತ್ತಡ ಅಪಾಯ. ಆದ್ದರಿಂದ ತೆಳುವಾದ, ಸಮತಟ್ಟಾದ ಆಲ್ಬಂಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಎರಡೂ ಬದಿಗೆ ಆನಿಕೆ ಕೊಡುತ್ತೇನೆ. ಹೂವು, ಗುಂಡಿ, ಲೋಹದ ಬಿಲ್ಲೆಗಳಿರುವುದನ್ನು ಅದರದೇ ಪೆಟ್ಟಿಗೆಯಲ್ಲಿ ಮಲಗಿಸಿ, ಪುಟಗಳ ನಡುವೆ ತೆಳು ಬಿಳಿ ಟಿಶ್ಯೂ ಕಾಗದ ಇಡುತ್ತೇನೆ.

ಪೆಟ್ಟಿಗೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಲೇಬೇಕು, ಏಕೆಂದರೆ ಆಲ್ಬಮ್ಮಿನ ಆಯುಷ್ಯದಲ್ಲಿ ಅದರ ಪಾಲು ಆಲ್ಬಮ್ಮಿನ ಹೊದಿಕೆಗಿಂತ ದೊಡ್ಡದು. ಒಂದು ಬದಿ ತೆರೆದಿರುವ, ಪುಸ್ತಕವನ್ನು ಒಳಗೆ ತಳ್ಳುವ ಗೂಡಿನಂಥ ಪೆಟ್ಟಿಗೆ ಕಪಾಟಿನಲ್ಲಿ ಅಂದವಾಗಿ ಕಾಣುತ್ತದೆ, ಆದರೆ ಪ್ರತಿ ಸಲ ಹೊರಗೆಳೆಯುವಾಗಲೂ ಅದರ ಬಾಯಿ ಮುಖಪುಟದ ಅಲಂಕಾರವನ್ನು ಕೆರೆಯುತ್ತದೆ. ಮುಖಪುಟ ನುಣುಪಾಗಿದ್ದರೆ ಮಾತ್ರ ಅದು ಸರಿ. ಉಬ್ಬು ಅಲಂಕಾರವಿದ್ದರೆ ಮುಂಬದಿಯ ಗೋಡೆ ಕೆಳಕ್ಕೆ ಬಿದ್ದು ಆಲ್ಬಂ ಜಾರದೆ ಕೈಗೆ ಬರುವಂಥ, ಮುಚ್ಚಳವಿರುವ ಪೆಟ್ಟಿಗೆಯನ್ನೇ ಮಾಡಬೇಕು. ಆಲ್ಬಂ ಪೂರ್ತಿ ಮುಗಿದು, ಫೋಟೊಗಳನ್ನೆಲ್ಲ ಅಂಟಿಸಿದ ಮೇಲೆಯೇ ಅಳತೆ ತೆಗೆದುಕೊಳ್ಳಬೇಕು. ಉದ್ದ ಅಗಲಗಳಿಗೆ 3 ಮಿಲಿಮೀಟರ್, ದಪ್ಪಕ್ಕೆ ಅದಕ್ಕಿಂತ ತುಸು ಹೆಚ್ಚು ಸೇರಿಸಬೇಕು. 2 ಮಿಲಿಮೀಟರ್ ದಪ್ಪದ ರಟ್ಟು ಸಾಕು.

ಯಾವ ರಟ್ಟು ಎಂಬುದು ಮುಖ್ಯ. ಬೈಂಡಿಂಗ್ ಅಂಗಡಿಗಳಲ್ಲಿ ಸಿಗುವ ಹಳದಿ ಛಾಯೆಯ ಹುಲ್ಲಿನ ರಟ್ಟು ಅಗ್ಗ, ಆದರೆ ಅದರಲ್ಲಿ ಆಮ್ಲಾಂಶ ಮತ್ತು ಲಿಗ್ನಿನ್ (ಗಿಡದ ನಾರನ್ನು ಗಟ್ಟಿಯಾಗಿಸುವ ಅಂಶ) ಹೆಚ್ಚಾಗಿರುವುದರಿಂದ ಮುಟ್ಟಿಕೊಂಡ ಕಾಗದವನ್ನೂ ಹಳದಿಗಟ್ಟಿಸುತ್ತದೆ. ಹಳೆಯ ದಿನಪತ್ರಿಕೆ ಬಿಸಿಲಿನಲ್ಲಿ ಕಂದಾಗಿ ಪುಡಿಯಾಗುವುದೂ ಇದೇ ಆಮ್ಲ, ಲಿಗ್ನಿನ್ನುಗಳ ಕೆಲಸ. ಪೆಟ್ಟಿಗೆಗೆ ಅದನ್ನೇ ಬಳಸಬೇಕಾಗಿ ಬಂದರೆ ಒಳಗಡೆ ಪೂರ್ತಿ ಆಮ್ಲರಹಿತ ಕಾಗದವನ್ನು ಹಾಸಿ, ಹೊರಗಡೆ ಬೈಂಡಿಂಗಿನ ಕ್ಯಾಲಿಕೊ ಬಟ್ಟೆ ಅಂಟಿಸಬೇಕು. ಹೀಗೆ ಎರಡೂ ಬದಿಗೆ ಅಂಟಿಸುವುದರಿಂದ ನಮ್ಮ ಊರಿನ ಒಣ ಬೇಸಿಗೆಯಲ್ಲಿ ರಟ್ಟು ಒಂದೇ ಕಡೆಗೆ ಬಾಗುವುದೂ ತಪ್ಪುತ್ತದೆ. ಆಲ್ಬಮ್ಮಿನ ಪುಟಗಳಿಗಂತೂ ಆಮ್ಲರಹಿತ ಎಂಬ ಚೀಟಿಯಿರುವ ಕಾಗದವೇ ಆಗಬೇಕು. ಆ ಚೀಟಿಯೊಂದೇ ಫೋಟೊಗಳಿಗೆ ಪೂರ್ಣ ಭರವಸೆಯಲ್ಲ. ಫೋಟೊಗಳ ಜೊತೆ ಇಡುವ ಕಾಗದ, ಅಂಟು, ಪ್ಲಾಸ್ಟಿಕ್ಕುಗಳು ಚಿತ್ರವನ್ನು ಕೆಡಿಸುತ್ತವೆಯೇ ಎಂದು ನೋಡುವುದಕ್ಕೆ ಐಎಸ್‌ಒ 18916 ಎಂಬ ಪ್ರತ್ಯೇಕ ಪರೀಕ್ಷೆಯ ಮಾನದಂಡವಿದೆ, ಅದರಲ್ಲಿ ತೇರ್ಗಡೆಯಾದ ಸಾಮಗ್ರಿ ಸಿಕ್ಕರೆ ಇನ್ನೂ ಒಳ್ಳೆಯದು. ಬೈಂಡಿಂಗಿನವರು ಮೈದಾ ಅಂಟಿಗೆ ಹುಳು ಬಾರದಿರಲೆಂದು ಮೈಲುತುತ್ತು (ತಾಮ್ರದ ಸಲ್ಫೇಟ್) ಬೆರೆಸುವುದುಂಟು. ಲೆಕ್ಕದ ಪುಸ್ತಕಗಳಿಗೆ ಅದು ನಡೆಯುತ್ತದೆ. ತಾಮ್ರದ ಅಂಶ ಕಾಗದವನ್ನು ಬೇಗ ಹಳತಾಗಿಸುವುದರಿಂದ ಆಲ್ಬಮ್ಮಿಗೆ ನಾನು ಅದನ್ನು ಒಪ್ಪುವುದಿಲ್ಲ.

ಪೆಟ್ಟಿಗೆ ಮಾಡುವ ವ್ಯವಧಾನವಿಲ್ಲದವರು ಮನೆಯಲ್ಲಿರುವ ಪೆಟ್ಟಿಗೆಗಳತ್ತ ನೋಡುತ್ತಾರೆ. ಸೀರೆಯ ಪೆಟ್ಟಿಗೆಗಳೂ ಇತ್ತೀಚಿನ ಲಗ್ನಪತ್ರಿಕೆಗಳ ಜೊತೆ ಬರುವ ಗಟ್ಟಿ ಪೆಟ್ಟಿಗೆಗಳೂ ಆಕಾರದಲ್ಲಿ ಸರಿಹೊಂದುತ್ತವೆ, ಒಳಹಾಸು ಮಾತ್ರ ಹೊಸದಾಗಿ ಹಾಕಬೇಕು. ಸಿಹಿತಿಂಡಿಯ ಪೆಟ್ಟಿಗೆ ಬೇಡವೇ ಬೇಡ. ತುಪ್ಪದ ಕಲೆಯ ವಾಸನೆಗೆ ಇರುವೆ, ಜಿರಳೆಗಳು ದಾರಿ ಮಾಡಿಕೊಳ್ಳುತ್ತವೆ. ಪ್ಲಾಸ್ಟಿಕ್ ಡಬ್ಬಿಯಾದರೆ ತಳವನ್ನು ತಿರುಗಿಸಿ ನೋಡಬೇಕು. ತ್ರಿಕೋನದೊಳಗೆ 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್, ಫೋಟೊಗಳಿಗೆ ನಿರಪಾಯ. 3 ಎಂದಿದ್ದರೆ ಪಿವಿಸಿ. ಮೆದುವಾದ ಪಿವಿಸಿ ಹಾಳೆಯಿಂದ ಕಾಲ ಕಳೆದಂತೆ ಎಣ್ಣೆಯಂಥ ಅಂಶವೂ ಆಮ್ಲವೂ ಹೊರಬಂದು ಫೋಟೊಗೆ ಅಂಟಿಕೊಳ್ಳುತ್ತವೆ. ಹೊಸ ಶವರ್ ಪರದೆಯ ಕಟು ವಾಸನೆ ಯಾವ ಕವರಿನಲ್ಲಿ ಬಂದರೂ ಅದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಕ್ಷೇಮ.

ಈ ಮಾತು ಬಂದಾಗ 1980 ಮತ್ತು 90ರ ದಶಕದ ಮದುವೆಯ ಆಲ್ಬಂಗಳು ನೆನಪಾಗುತ್ತವೆ. ಅಂಟಿನ ಗೆರೆಗಳಿರುವ ಹಾಳೆಯ ಮೇಲೆ ಫೋಟೊ ಇಟ್ಟು ಪಾರದರ್ಶಕ ಹೊದಿಕೆ ಎಳೆಯುವಂಥವು ಇನ್ನೂ ಅನೇಕ ಮನೆಗಳಲ್ಲಿವೆ, ಮತ್ತು ಅವುಗಳ ಹಾಳೆಗಳು ಕಂದು ಪಟ್ಟೆಗಳಾಗಿ ಫೋಟೊಗಳನ್ನು ಕಚ್ಚಿಕೊಂಡಿವೆ. (ಮೊದಲೇ ಅಂಟು ಬಳಿದ ಹಾಳೆಗಳ ಸ್ಕ್ರಾಪ್‌ಬುಕ್ಕಿಗೆ 1873ರಲ್ಲೇ ಪೇಟೆಂಟ್ ಪಡೆದವರು ಲೇಖಕ ಮಾರ್ಕ್ ಟ್ವೇನ್, ಅವರದು ನೀರು ಸೋಕಿಸಿ ಅಂಟಿಸುವ ಬೇರೆಯೇ ವಿಧಾನ.) ಅಂಥ ಹಳೆಯ ಫೋಟೊಗಳನ್ನು ಬಿಡಿಸಿ ಪುಟ್ಟ ಆಲ್ಬಮ್ಮಿಗೆ ತರಬೇಕೆನ್ನುವವರು ಮೊದಲು ಇದ್ದ ಜಾಗದಲ್ಲೇ ಪ್ರತಿ ತೆಗೆಸಿಕೊಂಡು, ಆಮೇಲೆ ಹಲ್ಲಿನ ಸಂದು ಶುಚಿ ಮಾಡುವ ದಾರವನ್ನು ಫೋಟೊದ ಕೆಳಗೆ ನಿಧಾನವಾಗಿ ಎಳೆಯಬೇಕು. ಬಿಸಿ ಇಸ್ತ್ರಿಪೆಟ್ಟಿಗೆಯ ಸಾಹಸ ಕೂಡದು.

ಕಾಗದ ಮತ್ತು ಫೋಟೊಗಳನ್ನು ಕಾಯುವ ಸಂಗ್ರಹಾಲಯಗಳು ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನೂ ಶೇಕಡಾ 30ರಿಂದ 50ರವರೆಗಿನ ತೇವಾಂಶವನ್ನೂ ಬಯಸುತ್ತವೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಕುಳಿತು ಆ ಅಂಕಿಗಳನ್ನು ಓದಿದರೆ ನಗು ಬರುತ್ತದೆ. ನಮ್ಮಿಂದ ಸಾಧ್ಯವಿರುವುದು ಮನೆಯೊಳಗಿನ ಜಾಗಗಳಲ್ಲಿ ಸೌಮ್ಯವಾದುದನ್ನು ಆರಿಸುವುದಷ್ಟೆ. ಸೂರಿಗೆ ತಾಗಿದ ಸಜ್ಜೆ ದಿನವಿಡೀ ಕಾದ ಆರ್‌ಸಿಸಿಯ ಬಿಸಿಯನ್ನು ರಾತ್ರಿಯಲ್ಲೂ ಹಿಡಿದಿರುತ್ತದೆ. ಗ್ಲೂ ಗನ್ನಿನಿಂದ ಅಂಟಿಸಿದ ಹೂವುಗಳೂ ಎರಡು ಬದಿಯ ಟೇಪಿನಿಂದ ನಿಂತ ಜೇಬುಗಳೂ ಮೊದಲು ಸಡಿಲವಾಗುವುದು ಅಲ್ಲಿಯೇ. ಬಚ್ಚಲುಮನೆಗೆ ಅಂಟಿಕೊಂಡ ಗೋಡೆಯೂ ಮಳೆ ಹೊಡೆಯುವ ಹೊರಗೋಡೆಯೂ ಒಳ್ಳೆಯವಲ್ಲ. ಒಳಗೋಡೆಗೆ ಆನಿಸಿದ, ನೆಲದಿಂದ ಎದೆಮಟ್ಟದಲ್ಲಿರುವ ಹಲಗೆಯೇ ಉತ್ತಮ, ಮತ್ತು ಹಲಗೆಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದಿರಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಬಹುದು. ನೀಲಿ ಹರಳುಗಳಿಗೆ ಬಣ್ಣ ಕೊಡುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿಯಾದ್ದರಿಂದ ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದವು ಲೇಸು. ಬೇಸಿಗೆ ಬಂದೊಡನೆ ಪೊಟ್ಟಣವನ್ನು ತೆಗೆದುಬಿಡಬೇಕು, ಏಕೆಂದರೆ ಈ ಸೀಮೆಯ ಒಣಹವೆಯಲ್ಲಿ ಕಾಗದಕ್ಕೆ ಇರುವ ಅಲ್ಪಸ್ವಲ್ಪ ತೇವವೂ ಹೋದರೆ ಮಡಿಕೆಗಳು ಬಿರಿಯುತ್ತವೆ.

ನುಸಿ ಗುಳಿಗೆಯನ್ನು ಸೀರೆಗಳ ನಡುವೆ ಇಡುವ ಅಭ್ಯಾಸದಿಂದ ಆಲ್ಬಂ ಪೆಟ್ಟಿಗೆಗೂ ಹಾಕುವವರಿದ್ದಾರೆ. ಆ ಗುಳಿಗೆಯ ನ್ಯಾಫ್ತಲೀನ್ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ, ಆಲ್ಬಮ್ಮಿನ ಮೇಲೆ ಮತ್ತೆ ಹರಳುಗಟ್ಟಲೂಬಹುದು. ಉಸಿರಿಗೂ ಅದು ಒಳ್ಳೆಯದಲ್ಲ. ಬೇವಿನ ಎಲೆ, ಬಜೆಯ ಬೇರುಗಳನ್ನು ಚೆನ್ನಾಗಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಕಪಾಟಿನ ಮೂಲೆಯಲ್ಲಿ ಇಡುವುದು ಹಳೆಯ ಪದ್ಧತಿ. ಅವು ಕಾಗದಕ್ಕೆ ನೇರವಾಗಿ ತಾಗಬಾರದು. ಗಂಜಿಯನ್ನೂ ಅಂಟನ್ನೂ ತಿನ್ನಲು ಬರುವ ಬೆಳ್ಳಿ ಬಣ್ಣದ ಸಣ್ಣ ಹುಳುಗಳಿಗೆ ನಿಜವಾದ ಮದ್ದು ಆಗಾಗ ತೆರೆದು ನೋಡುವುದು. ಆಯುಧಪೂಜೆಗೆ ಹೇಗೂ ಮನೆಯ ಧೂಳು ಹೊಡೆಯುತ್ತೇವೆ. ಪೆಟ್ಟಿಗೆಗಳನ್ನು ತೆರೆದು ಪುಟ ತಿರುವಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಧೂಳಿನ ವಿಷಯದಲ್ಲಿ ಚಿತ್ರದುರ್ಗದಲ್ಲಿರುವ ನನ್ನ ತಂಗಿಯ ಕಷ್ಟ ನಮ್ಮದಕ್ಕಿಂತ ಹೆಚ್ಚಿನದು. ಜೋಗಿಮಟ್ಟಿಯ ಬೆಟ್ಟದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಅವಳ ಕಿಟಕಿಯ ಸಂದಿನಿಂದ ಕೆಂಪು ಮಣ್ಣಿನ ನುಣುಪು ಪುಡಿಯನ್ನು ಒಳಗೆ ತರುತ್ತದೆ. ತೆರೆದ ಹಲಗೆಯ ಮೇಲೆ ಆಲ್ಬಂ ಜೋಡಿಸುವ ಆಸೆಯನ್ನು ಅವಳು ಬಿಟ್ಟು, ಮುಚ್ಚಳದ ಪೆಟ್ಟಿಗೆಗಳನ್ನೇ ಚೆಂದದ ಇಳಕಲ್ ಬಟ್ಟೆಯ ತುಂಡುಗಳಿಂದ ಹೊದಿಸಿ, ಪೆಟ್ಟಿಗೆಗಳ ಸಾಲನ್ನೇ ಪ್ರದರ್ಶನವಾಗಿಸಿದ್ದಾಳೆ. ನನಗೆ ಇದು ಬಹಳ ಹಿಡಿಸಿತು. ಲೇಸು ಮತ್ತು ಕಾಗದದ ಹೂವಿನ ಸಂದುಗಳಲ್ಲಿ ಕೂತ ಧೂಳನ್ನು ಒರೆಸಲು ಹೋದರೆ ಅದು ಇನ್ನೂ ಒಳಗಿಳಿಯುತ್ತದೆ; ಮೆತ್ತನೆಯ ಒಣ ಬ್ರಷ್‌ನಿಂದ ಹೊರಮುಖವಾಗಿ ಹಾರಿಸುವುದೊಂದೇ ದಾರಿ.

ಹಾಗೆಂದು ಎಲ್ಲವನ್ನೂ ಮುಚ್ಚಿಡುವುದಕ್ಕೆ ನಾನು ಒಪ್ಪುವುದಿಲ್ಲ. ಜೇಬಿನಿಂದ ಟ್ಯಾಗು ಎಳೆದು, ಮಡಿಕೆ ಬಿಡಿಸಿ, ಒಂದರ ಕೆಳಗೊಂದು ಇಳಿಯುವ ಫೋಟೊಗಳನ್ನು ಎತ್ತಿ ನೋಡಲೆಂದೇ ಈ ಆಲ್ಬಂಗಳನ್ನು ಕಟ್ಟಿರುತ್ತೇವೆ. ನಾನು ಮಾಡುವುದಿಷ್ಟು: ಎರಡು ಅಥವಾ ಮೂರನ್ನು ಮಾತ್ರ ಶೋಕೇಸಿನ ಗಾಜಿನ ಹಿಂದೆ ಇಟ್ಟು, ಉಳಿದವನ್ನು ಪೆಟ್ಟಿಗೆಯಲ್ಲಿರಿಸಿ, ಹಬ್ಬದಿಂದ ಹಬ್ಬಕ್ಕೆ ಬದಲಾಯಿಸುವುದು. ಯುಗಾದಿಗೆ ಹೊರಬಂದದ್ದು ಗಣೇಶನ ಹಬ್ಬದ ಹೊತ್ತಿಗೆ ಒಳಗೆ ಹೋಗುತ್ತದೆ. ಬೆಳಕಿನ ಹಾನಿ ದಿನದಿನಕ್ಕೆ ಕೂಡುತ್ತಲೇ ಹೋಗುವಂಥದ್ದು, ಕತ್ತಲೆಯಲ್ಲಿಟ್ಟರೆ ಹೋದ ಬಣ್ಣ ಮರಳುವುದಿಲ್ಲ. ಸೂಕ್ಷ್ಮ ವಸ್ತುಗಳಿಗೆ ಸಂಗ್ರಹಾಲಯಗಳು 50 ಲಕ್ಸ್‌ನಷ್ಟು ಮಂದ ಬೆಳಕನ್ನಷ್ಟೇ ಕೊಡುವುದು ಈ ಕಾರಣಕ್ಕೆ. ಪಡುವಣ ಕಿಟಕಿಯ ಸಂಜೆಯ ಬಿಸಿಲು ಬೀಳುವ ಜಾಗ ಎಷ್ಟೇ ಅಂದವಾಗಿದ್ದರೂ ಅಲ್ಲಿ ಬೇಡ, ಏಕೆಂದರೆ ಸಾಧಾರಣ ಗಾಜು ನೇರಳಾತೀತ ಕಿರಣಗಳಲ್ಲಿ ಒಂದು ಭಾಗವನ್ನು ಮಾತ್ರ ತಡೆಯುತ್ತದೆ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಬಣ್ಣದ ಮಸಿಯ ಚಿತ್ರಗಳು ಸ್ಟುಡಿಯೊ ಪ್ರಿಂಟಿಗಿಂತ ಸಾಮಾನ್ಯವಾಗಿ ಬೇಗ ಮಾಸುತ್ತವೆ. ಬದಲಿ ಇಲ್ಲದ ಹಳೆಯ ಫೋಟೊ ಇದ್ದರೆ ಆಲ್ಬಮ್ಮಿಗೆ ಅದರ ಪ್ರತಿಯನ್ನೇ ಅಂಟಿಸಿ ಮೂಲವನ್ನು ಬೇರೆ ಲಕೋಟೆಯಲ್ಲಿ ಕಾಪಾಡುವುದು ಲೇಸು. ದೇವರ ಗೂಡಿನ ಪಕ್ಕದಲ್ಲಿ ಇಟ್ಟರೆ ಊದುಬತ್ತಿಯ ಹೊಗೆ, ಎಣ್ಣೆದೀಪದ ಮಸಿ ಹಿಡಿಯುತ್ತದೆ.

ತೆರೆದು ತೋರಿಸುವಾಗ ಮುಖಪುಟಗಳನ್ನು ಪೂರ್ತಿ ಅಗಲಿಸದೆ, ಲಂಬಕೋನದಷ್ಟೇ ತೆರೆದು ಹಿಂದೆ ಆನಿಕೆ ಕೊಟ್ಟರೆ ಬೆನ್ನು ಉಳಿಯುತ್ತದೆ. ದೇವರ ಫೋಟೊಗೆಂದು ಮಾರುವ ತಂತಿಯ ಸ್ಟ್ಯಾಂಡು ಮುಚ್ಚಿದ ಆಲ್ಬಮ್ಮಿಗೆ ಸರಿ. ದಪ್ಪನೆಯದನ್ನು ತೆರೆದಿಟ್ಟರೆ ಮುಗ್ಗರಿಸುತ್ತದೆ. ಇನ್ನೊಂದು ಮಾತು, ನಮ್ಮ ಊರಿನವರಿಗೆ ವಿಶೇಷವಾಗಿ. ನೆಂಟರು ಬಂದರೆ ಮಂಡಕ್ಕಿ ಮೆಣಸಿನಕಾಯಿ ತಟ್ಟೆಗೆ ಬರುತ್ತದೆ, ಅದೇ ಹೊತ್ತಿಗೆ ಆಲ್ಬಂ ಕೈಗೆ ಬರುತ್ತದೆ. ಎಣ್ಣೆಯ ಬೆರಳಿನ ಗುರುತು ಕಾಗದದಿಂದ ಹೋಗುವುದೇ ಇಲ್ಲ. ಆಲ್ಬಮ್ಮನ್ನು ತಿಂಡಿಗೆ ಮೊದಲೇ ತೋರಿಸಬೇಕು ಅಥವಾ ಕೈ ತೊಳೆದು ಚಹಾ ಮುಗಿದ ಮೇಲೆ; ಇದರಲ್ಲಿ ನಾನು ಯಾವ ಹಿರಿಯರ ಮುಲಾಜನ್ನೂ ನೋಡುವುದಿಲ್ಲ, ಅತ್ತೆಯವರದನ್ನೂ.

ಹಲಗೆ ತುಂಬಿದ ಮೇಲೆ ಏನು ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದು ಕ್ರಮ ಬಂದಿದೆ. ಯಾರ ನಾಮಕರಣದ ಆಲ್ಬಮ್ಮೋ ಅದು ಆ ಮಗುವಿನ ಮನೆಗೆ, ಯಾರ ಮದುವೆಯದೋ ಅದು ಅವರ ಮನೆಗೆ ಹೋಗುತ್ತದೆ. ನಮ್ಮ ಸ್ವಂತದ್ದು ಮಾತ್ರ ಉಳಿಯುತ್ತದೆ. ಕಳಿಸುವ ಮೊದಲು ಪ್ರತಿ ಪುಟದ ಚಿತ್ರ ತೆಗೆದುಕೊಂಡು, ಪ್ರತಿ ಫೋಟೊದಲ್ಲಿರುವವರ ಹೆಸರು ಮತ್ತು ಇಸವಿಯನ್ನು ಕೊನೆಯ ಪುಟದ ಜೇಬಿನಲ್ಲಿರುವ ಕಾರ್ಡಿನ ಮೇಲೆ ಪೆನ್ಸಿಲ್ಲಿನಿಂದ ಬರೆಯುತ್ತೇನೆ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸುತ್ತೇನೆ: ಮಲಗಿಸಿ ಇಡಿ, ಮೇಲೆ ಭಾರ ಹೇರಬೇಡಿ, ಬಿಸಿಲಿಗೆ ಇಡಬೇಡಿ, ನುಸಿ ಗುಳಿಗೆ ಹಾಕಬೇಡಿ, ಆಯುಧಪೂಜೆಗೆ ಒಮ್ಮೆ ತೆರೆದು ನೋಡಿ.