ಕಾರವಾರದ ಕಡಲಿಗಿಳಿಯುವ ಮೊದಲು ಸಣಾಪುರದ ಕೆರೆಯಲ್ಲಿ

ಕಡಲಲ್ಲಿ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ನಡೆಸುವವರಿಗೆಂದು ಆನ್‌ಲೈನ್‌ನಲ್ಲಿ ಮಾರುವ ‘ತುರ್ತು ಕಿಟ್’ಗಳ ಕೇಸರಿ ಚೀಲ ನೋಡಿ ಮರುಳಾಗಬೇಡಿ. ರಾಯಚೂರಿನ ನಮ್ಮ ಗೆಳೆಯರ ಗುಂಪು ಕಾರವಾರಕ್ಕೆ ಹೊರಡುವ ಮುನ್ನ ಅಂಥದ್ದೊಂದನ್ನು ತರಿಸಿ, ಕೊಪ್ಪಳ ಜಿಲ್ಲೆಯ ಸಣಾಪುರದ ಕೆರೆಯಲ್ಲಿ ಪರೀಕ್ಷಿಸಿತು. ಮೋಸ ಅಲ್ಲೇ ಬಯಲಾಯಿತು.

ಮೊದಲು ಸೀಟಿ. ಒಳಗೆ ಗುಂಡು ಇರುವ, ಶಾಲೆಯ ಪಿ.ಟಿ. ಮೇಷ್ಟ್ರು ಊದುವಂಥ ಸೀಟಿ ಅದು. ಒಣಗಿದ್ದಾಗ ಜೋರಾಗಿಯೇ ಕೂಗಿತು. ನೀರಿನಲ್ಲಿ ಅದ್ದಿ ತೆಗೆದು ಊದಿದರೆ ಗುಂಡು ಒಳಗೋಡೆಗೆ ಅಂಟಿಕೊಂಡು ಬುಸ್ ಎಂದು ಗಾಳಿ ಮಾತ್ರ ಬಂತು. ನೀರಿಗೆ ಬಿದ್ದವನ ಕೈಯಲ್ಲಿ ಒಣ ಸೀಟಿ ಎಲ್ಲಿಂದ ಬರಬೇಕು? ಗುಂಡಿಲ್ಲದ ಸೀಟಿ ಕೇಳಿ ಕೊಳ್ಳಿ, ಬೆಲೆಯೂ ಹೆಚ್ಚಲ್ಲ. ಅದನ್ನು ಲೈಫ್ ಜಾಕೆಟ್‌ನ ಭುಜದ ಪಟ್ಟಿಗೆ, ತುಟಿಗೆ ಎಟುಕುವಷ್ಟು ಉದ್ದದ ದಾರದಲ್ಲಿ ಕಟ್ಟಿ. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ ಊದುವುದು ಅಪಾಯದ ಸೂಚನೆ. ಗಾಳಿಗೆ ಎದುರಾಗಿ ಊದಿದಾಗ ಸ್ವಲ್ಪ ದೂರದಲ್ಲಿದ್ದ ಹರಿಗೋಲಿನವರಿಗೂ ಕೇಳಿಸಲಿಲ್ಲ. ಅವರ ಒಪ್ಪಿಗೆ ಪಡೆದು, ಅವರ ಹರಿಗೋಲು ಜೊತೆಗಿದ್ದಾಗ ಮಾತ್ರ ನಾವು ನೀರಿಗಿಳಿಯುತ್ತಿದ್ದೆವು. ನೀವೂ ಹಾಗೆಯೇ ಮಾಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತುಂಬುವ ಈ ಕೆರೆ ನೋಡಲು ಶಾಂತವಾಗಿದ್ದರೂ ಆಳವಿದೆ, ತುಂಗಭದ್ರೆಯ ಸೀಮೆಯಲ್ಲಿ ಮೊಸಳೆಗಳೂ ಇವೆ.

ಕಿಟ್‌ನಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ನಡುವೆ ರಂಧ್ರವಿರುವ ಪುಟ್ಟ ಕನ್ನಡಿ. ಒಂದು ಕೈ ಮುಂದೆ ಚಾಚಿ, ಎರಡು ಬೆರಳುಗಳ ನಡುವೆ ಗುರಿಯನ್ನು ಹಿಡಿದು, ಕನ್ನಡಿಯ ಬೆಳಕು ಬೆರಳುಗಳ ಮೇಲೆ ಬೀಳುವಂತೆ ಅಲುಗಿಸಬೇಕು. ಎದುರು ದಡದ ಬಂಡೆಯ ಮೇಲೆ ಕುಳಿತಿದ್ದ ಗೆಳೆಯ ಮೊದಲ ಮಿಂಚಿಗೇ ಕೈಯೆತ್ತಿದ. ಬ್ಯಾಟರಿ ಬೇಡ, ಪರವಾನಗಿ ಬೇಡ. ಬಿಸಿಲು ಮಾತ್ರ ಬೇಕು. ಬಿಸಿಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಟಾರ್ಚ್‌ಗೆ ಐಪಿಎಕ್ಸ್7 ಗುರುತು ಇದೆಯೇ ನೋಡಿ: ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು ಅರ್ಥ. ನಮ್ಮದಕ್ಕೆ ಅದಿರಲಿಲ್ಲ, ಮೊದಲ ಸಂಜೆಯೇ ಆರಿತು.

ಶನಿವಾರ ಮಾತ್ರ ಹೋಗಬೇಡಿ. ಗಂಗಾವತಿಯಿಂದ ಆನೆಗೊಂದಿ ಮಾರ್ಗದ ಬಸ್ಸಿನಲ್ಲಿ ಅಂಜನಾದ್ರಿಯ ಭಕ್ತರ ನಡುವೆ ನಮ್ಮ ಚೀಲಗಳನ್ನು ತಲೆಯ ಮೇಲೆ ಹೊತ್ತು ನಿಂತೆವು. ಹಂಪಿಯ ಎದುರು ದಡದ ವಿರುಪಾಪುರ ಗಡ್ಡೆಯ ಪ್ರವಾಸಿ ವಸತಿಗಳು 2020ರಲ್ಲಿ ತೆರವಾದ ಮೇಲೆ ಸಣಾಪುರದ ಕಡೆ ಬೇಡಿಕೆ ಏರಿದೆ. ‘ಕೆರೆ ಕಾಣುವ ಕೋಣೆ’ ಎಂದು ಮೂರು ಸಾವಿರ ವಸೂಲಿ ಮಾಡಿದ ಕಡೆ ಕಿಟಕಿ ತೆರೆದರೆ ಕಂಡದ್ದು ಬಂಡೆ. ಕೆರೆ ಬಂಡೆಯ ಆಚೆಗಿತ್ತು. ಗಂಗಾವತಿಯಲ್ಲೇ ಕೋಣೆ ಹಿಡಿಯಿರಿ.

ಗಂಗಾವತಿಯಲ್ಲಿ ಉಳಿದರೆ ಊಟದ ಚಿಂತೆಯೂ ಇಲ್ಲ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಬೋರ್ಡೂ ಇಲ್ಲದ ಒಂದು ಖಾನಾವಳಿಯಿದೆ. ಹಂಚಿನಿಂದ ಉಬ್ಬಿ ಇಳಿದ ಜೋಳದ ರೊಟ್ಟಿ, ಹುಳಿ ಹದವಾದ ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿಯ ಮೇಲೆ ಗಟ್ಟಿ ಮೊಸರು, ಪಕ್ಕದಲ್ಲಿ ಗುದ್ದಿ ಒಡೆದ ಈರುಳ್ಳಿ. ರೊಟ್ಟಿ ಬಡಿಯುತ್ತಿದ್ದ ಅಮ್ಮ, “ನೀರಾಗ ಆಡಿ ಬಂದವರು, ಇನ್ನೊಂದು ಹಾಕಿಸಿಕೊಳ್ಳಿರಪ್ಪ” ಎಂದು ತಟ್ಟೆ ಖಾಲಿಯಾಗಲು ಬಿಡಲಿಲ್ಲ. ಕೊನೆಗೆ ಈ ಸೀಮೆಯ ಸೋನಾ ಮಸೂರಿ ಅನ್ನ, ಖಾರದ ಸಾರು. ಇಷ್ಟಕ್ಕೂ ತಲೆಗೆ ನೂರು ರೂಪಾಯಿ ದಾಟಲಿಲ್ಲ. ಮಧ್ಯಾಹ್ನ ಎರಡರೊಳಗೆ ಹೋಗಿ. ಆಮೇಲೆ ಪುಂಡಿಪಲ್ಯ ಉಳಿದಿರುವುದಿಲ್ಲ.

ಇನ್ನು ಕಡಲಿಗೇ ಬೇಕಾದವು. ಫ್ಲೇರ್ ಎಂದರೆ ಅಪಾಯ ಸೂಚಿಸಲು ಹಚ್ಚುವ ಬೆಳಕಿನ ಕಡ್ಡಿ. ಕೈಯಲ್ಲಿ ಹಿಡಿಯುವ ಕೆಂಪು ಫ್ಲೇರ್ ಸುಮಾರು ಒಂದು ನಿಮಿಷ ಉರಿಯುತ್ತದೆ. ಪ್ಯಾರಾಚೂಟ್ ಫ್ಲೇರ್ 300 ಮೀಟರ್ ಮೇಲೇರಿ 40 ಸೆಕೆಂಡ್ ಬೆಳಗುತ್ತದೆ. ಕಿತ್ತಳೆ ಹೊಗೆ ಹಗಲಿಗೆ ಮಾತ್ರ. ಇವನ್ನು ಸಣಾಪುರದಲ್ಲಿ ಪರೀಕ್ಷೆಗೆಂದು ಹಚ್ಚುವ ಯೋಚನೆಯೇ ಬೇಡ, ಬಂಡೆಗಳ ಸಂದಿಯೆಲ್ಲ ಒಣಹುಲ್ಲು. ಸಿಡಿಮದ್ದಿನ ವಸ್ತುವಾದ್ದರಿಂದ ಹುಬ್ಬಳ್ಳಿಯ ರೈಲಿನಲ್ಲಿ ಒಯ್ಯುವಂತೆಯೂ ಇಲ್ಲ. ಕರಾವಳಿಯಲ್ಲಿ ಕಯಾಕ್ ಕೊಡುವವರ ಬಳಿಯೇ ಕೇಳಿ, ಅವಧಿ ಮುಗಿದಿದೆಯೇ ಎಂದು ಮೈಮೇಲಿನ ದಿನಾಂಕ ಓದಿ. ದೋಣಿ, ಹಡಗಿನವರು ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೊ ಇದ್ದರೆ 16ನೇ ಚಾನೆಲ್ ಅಪಾಯದ ಕರೆಗೆ ಮೀಸಲು, ಆದರೆ ಅದಕ್ಕೆ ಪರವಾನಗಿ ಬೇಕು. ಕರಾವಳಿ ಕಾವಲು ಪಡೆಯ ಸಹಾಯವಾಣಿ 1554.

ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣವನ್ನು ವಿದೇಶದ ಬಂಧುಗಳಿಂದ ತರಿಸಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದು ಕಾನೂನುಬಾಹಿರ. ಗೋವಾ ವಿಮಾನ ನಿಲ್ದಾಣದಲ್ಲಿ ಅದನ್ನು ಹೊಂದಿದ್ದ ವಿದೇಶಿ ಪ್ರವಾಸಿಗರು ಪೊಲೀಸರ ವಶವಾದ ಪ್ರಕರಣಗಳಿವೆ. 406 ಮೆಗಾಹರ್ಟ್ಸ್‌ನ ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್, ಜೊತೆಗೆ ಒಯ್ಯುವ ತುರ್ತು ಸಂಕೇತ ಉಪಕರಣ) ಬೇರೆ ವಸ್ತು: ಗುಂಡಿ ಒತ್ತಿದರೆ ಉಪಗ್ರಹಗಳ ಮೂಲಕ ರಕ್ಷಣಾ ಕೇಂದ್ರಕ್ಕೆ ಸೂಚನೆ ಹೋಗುತ್ತದೆ, ಮಾತುಕತೆ ಇಲ್ಲ. ದಡ ಬಿಟ್ಟು ದೂರ ಹೋಗುವವರು ಖರ್ಚು ಮಾಡಬೇಕಾದದ್ದು ಇದಕ್ಕೆ. ಕೊಳ್ಳುವಾಗ ಅದನ್ನು ಭಾರತದ ದೇಶ ಸಂಕೇತ 419ಕ್ಕೆ ಹೊಂದಿಸಿದ್ದಾರೆಯೇ ಕೇಳಿ, ಬೆಂಗಳೂರಿನ ಇಸ್ರೊ ಕೇಂದ್ರದಲ್ಲಿ ನೋಂದಾಯಿಸಿ. ಮುಂಗಾರಿನಲ್ಲಿ ಕರಾವಳಿಯ ಜಲಕ್ರೀಡೆಗಳು ಹೇಗೂ ನಿಂತಿರುತ್ತವೆ. ಈ ಕಾಗದಪತ್ರದ ಕೆಲಸವನ್ನು ಆಗಲೇ ಮುಗಿಸಿಕೊಳ್ಳಿ.